ಮನೆಯ ಗಣಕಯಂತ್ರಕ್ಕೆ ಬ್ಯಾಕಪ್: ತಂತ್ರಾಂಶ, ಸಂಗ್ರಹ ಸಾಧನಗಳ ಆಯ್ಕೆ ಹೇಗೆ?

ಗಣಕಯಂತ್ರ ಕೆಟ್ಟರೆ ಹಣ ಕೊಟ್ಟು ಇನ್ನೊಂದನ್ನು ತರಬಹುದು. ಅದರೊಳಗಿದ್ದ ಮಗಳ ಮದುವೆಯ ಛಾಯಾಚಿತ್ರ, ತೀರಿಹೋದ ತಂದೆಯ ಧ್ವನಿಮುದ್ರಣ, ವರ್ಷಗಟ್ಟಲೆ ಕುಳಿತು ಬರೆದ ಹಸ್ತಪ್ರತಿ, ಅಂಗಡಿಯ ಲೆಕ್ಕಪತ್ರ ಇವು ಯಾವ ಮಳಿಗೆಯಲ್ಲಿಯೂ ಸಿಗುವುದಿಲ್ಲ. ಇದು ಎಲ್ಲರಿಗೂ ತಿಳಿದ ಮಾತು. ಆದರೂ ಅನೇಕ ಮನೆಗಳಲ್ಲಿ ಇಂತಹ ಕಡತಗಳ ಒಂದೇ ಒಂದು ಪ್ರತಿ ಇರುತ್ತದೆ. ಬ್ಯಾಕಪ್ ಮಾಡಿಟ್ಟಿದ್ದೇವೆ ಎಂದು ನೆಮ್ಮದಿಯಿಂದಿರುವ ಕೆಲವರ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. ಬೇಕಾದ ದಿನ ಆ ಪ್ರತಿ ತೆರೆದುಕೊಳ್ಳುವುದೇ ಇಲ್ಲ.

1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆ ‘ಟಾಯ್ ಸ್ಟೋರಿ 2’ ಚಿತ್ರವನ್ನು ತಯಾರಿಸುತ್ತಿದ್ದಾಗ ಒಂದು ತಪ್ಪು ಆದೇಶದಿಂದ ಚಿತ್ರದ ಬಹುಪಾಲು ಕಡತಗಳು ಅಳಿಸಿಹೋದವು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕೊನೆಗೆ ಚಿತ್ರವನ್ನು ಉಳಿಸಿದ್ದು ತಾಂತ್ರಿಕ ವಿಭಾಗದ ಗೇಲಿನ್ ಸಸ್ಮನ್ ಅವರ ಮನೆಯ ಗಣಕಯಂತ್ರ. ಹಸುಗೂಸಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವರ ಬಳಿ ಚಿತ್ರದ ಒಂದು ಪ್ರತಿ ಇತ್ತು. ಆ ದೊಡ್ಡ ಸಂಸ್ಥೆಯ ವ್ಯವಸ್ಥೆ ಸೋತ ಕಡೆ ಬೇರೆ ಜಾಗದಲ್ಲಿದ್ದ, ತೆರೆದರೆ ತೆರೆಯುವಂತಿದ್ದ ಒಂದು ಸಾಧಾರಣ ಪ್ರತಿ ಗೆದ್ದಿತು.

ತಂತ್ರಾಂಶವಾಗಲಿ ಸಾಧನವಾಗಲಿ, ಆಯ್ಕೆ ಮಾಡುವಾಗ ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳು ಈ ಘಟನೆಯಲ್ಲಿಯೇ ಇವೆ. ಒಂದು, ಮೂಲಕ್ಕೆ ಒದಗಿದ ಆಪತ್ತು ಪ್ರತಿಗೂ ಒದಗೀತೇ? ಎರಡು, ಆ ಪ್ರತಿಯಿಂದ ಕಡತವನ್ನು ಎಂದಾದರೂ ಮರಳಿ ತೆಗೆದು ನೋಡಿದ್ದೇವೆಯೇ? ಮುಂದೆ ಹೇಳುವುದೆಲ್ಲ ಈ ಎರಡು ಪ್ರಶ್ನೆಗಳ ವಿಸ್ತರಣೆ.

ಯಾವುದು ಬ್ಯಾಕಪ್ ಅಲ್ಲ?

ನಮ್ಮಲ್ಲಿ ಗಣಕಯಂತ್ರ ಮಾರುವವರು ಹಾರ್ಡ್ ಡಿಸ್ಕನ್ನು ‘ಸಿ’ ಮತ್ತು ‘ಡಿ’ ಎಂದು ಎರಡು ಭಾಗ ಮಾಡಿ ಕೊಡುವುದು ಹಳೆಯ ರೂಢಿ. ‘ಡಿ’ಯಲ್ಲಿ ಇಟ್ಟರೆ ಸುರಕ್ಷಿತ ಎಂಬ ನಂಬಿಕೆಯೂ ಅಷ್ಟೇ ಹಳೆಯದು. ವಿಂಡೋಸನ್ನು ಮರಳಿ ಸ್ಥಾಪಿಸುವಾಗ ‘ಡಿ’ ಉಳಿಯುತ್ತದೆ ಎಂಬುದು ನಿಜ. ಆದರೆ ಎರಡೂ ಒಂದೇ ಡಿಸ್ಕಿನ ಭಾಗಗಳು. ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ.

ಕಡತಗಳನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿ, ಜಾಗಕ್ಕಾಗಿ ಗಣಕಯಂತ್ರದಿಂದ ಅಳಿಸಿಬಿಡುವುದು ಎರಡನೆಯ ತಪ್ಪು. ಇದು ಸ್ಥಳಾಂತರವೇ ಹೊರತು ಬ್ಯಾಕಪ್ ಅಲ್ಲ. ಮೊದಲೂ ಒಂದು ಪ್ರತಿ ಇತ್ತು, ಈಗಲೂ ಒಂದೇ ಇದೆ. ಅದೂ ಕೈಜಾರಿ ಬೀಳಬಹುದಾದ ಸಾಧನದಲ್ಲಿ!

ಮೂರನೆಯದು ಸಿಂಕ್ ಸೇವೆಗಳ ಬಗೆಗಿನ ಭ್ರಮೆ. ಒನ್‌ಡ್ರೈವ್, ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಮುಂತಾದವು ನಿಮ್ಮ ಫೋಲ್ಡರನ್ನು ಅಂತರಜಾಲದಲ್ಲಿರುವ ಇನ್ನೊಂದು ಫೋಲ್ಡರಿನೊಂದಿಗೆ ಸದಾ ಒಂದೇ ಸ್ಥಿತಿಯಲ್ಲಿಡುತ್ತವೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ಅಳಿಸಿದ ಕಡತಗಳು ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಉಳಿಯುತ್ತವೆ. ವೈಯಕ್ತಿಕ ಒನ್‌ಡ್ರೈವ್ ಖಾತೆಯಲ್ಲಿಯೂ ಅಷ್ಟೇ. ತಪ್ಪು ನಮ್ಮ ಗಮನಕ್ಕೆ ಬರುವುದು 31ನೆಯ ದಿನವಾದರೆ?

ಎರಡು ಡಿಸ್ಕ್‌ಗಳಿಗೆ ಏಕಕಾಲದಲ್ಲಿ ಬರೆಯುವ ರೇಡ್ ವ್ಯವಸ್ಥೆಗೂ ಇದೇ ಮಿತಿ ಇದೆ. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ, ಆದರೆ ಕೈತಪ್ಪಿ ಅಳಿಸಿದ್ದನ್ನು ಮರಳಿ ಕೊಡಲಾರದು.

ಆಪತ್ತು ಯಾವ ಕಡೆಯಿಂದ?

ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಕೆಡುವ ವಸ್ತು. ಲಕ್ಷಾಂತರ ಡಿಸ್ಕ್‌ಗಳನ್ನು ಬಳಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಸ್ಥೆ ತನ್ನ ಅನುಭವದ ಅಂಕಿಅಂಶಗಳನ್ನು 2013ರಿಂದ ಪ್ರಕಟಿಸುತ್ತ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಅದರ ಡಿಸ್ಕ್‌ಗಳ ಪೈಕಿ ವರ್ಷಕ್ಕೆ ಶೇಕಡಾ 1ರಿಂದ 2ರಷ್ಟು ಕೆಟ್ಟಿವೆ. ಅವು ಹವಾನಿಯಂತ್ರಿತ ಕೊಠಡಿಯಲ್ಲಿ, ಸ್ಥಿರವಾದ ವಿದ್ಯುತ್ತಿನಲ್ಲಿ, ಅಲುಗಾಡದೆ ಕುಳಿತ ಡಿಸ್ಕ್‌ಗಳು. ಚೀಲದಲ್ಲಿ ಓಡಾಡುವ, ದಿನಕ್ಕೆ ನಾಲ್ಕು ಬಾರಿ ಕರೆಂಟು ಹೋಗುವ ಊರಿನ ಡಿಸ್ಕಿಗೆ ಅಷ್ಟು ಸುಖವಿಲ್ಲ.

ಇನ್ನು ಸಿಡಿಲು. ಕರಾವಳಿ ಮತ್ತು ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ವಿದ್ಯುತ್ ತಂತಿ, ದೂರವಾಣಿ ತಂತಿಗಳ ಮೂಲಕ ನುಗ್ಗುವ ಆಘಾತ ಮೋಡೆಮ್‌ನಿಂದ ಹಿಡಿದು ಗಣಕಯಂತ್ರದವರೆಗೆ ಜೋಡಿಸಿದ್ದೆಲ್ಲವನ್ನೂ ಸುಡಬಲ್ಲದು. ಆಗ ಬ್ಯಾಕಪ್ ಡಿಸ್ಕ್ ಕೂಡ ಜೋಡಿಸಿಕೊಂಡೇ ಇದ್ದರೆ ಅದಕ್ಕೂ ಅದೇ ಗತಿ.

ನೀರು, ಬೆಂಕಿ, ಕಳ್ಳತನಗಳು ಮನೆಗೆ ಮನೆಯನ್ನೇ ಬಾಧಿಸುವಂಥವು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಬಡಾವಣೆಗಳಲ್ಲಿ ನೀರು ಮನೆಗಳಿಗೆ ನುಗ್ಗಿತು. ಅಂತಹ ಮನೆಯಲ್ಲಿ ಗಣಕಯಂತ್ರವೂ ಅದರ ಪ್ರತಿಯೂ ಒಂದೇ ಮೇಜಿನ ಮೇಲಿದ್ದರೆ ಎರಡು ಪ್ರತಿ ಇದ್ದೂ ಇಲ್ಲದಂತೆಯೇ.

ಕೊನೆಯದಾಗಿ ಸುಲಿಗೆಯ ತಂತ್ರಾಂಶಗಳು. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಬೆಚ್ಚಿಬೀಳಿಸಿದ ವಾನಾಕ್ರೈ ನೆನಪಿರಬಹುದು. ಇವು ಕಡತಗಳನ್ನು ಗೂಢಲಿಪಿಗೆ ಬದಲಿಸಿ, ಬಿಡಿಸುವ ಕೀಲಿಗೆ ಹಣ ಕೇಳುತ್ತವೆ. ಮನೆಬಳಕೆದಾರರನ್ನು ಕಾಡಿದ ‘ಸ್ಟಾಪ್’ ಅಥವಾ ‘ಡಿಜೆವಿಯು’ ಹೆಸರಿನ ತಳಿ ಹೆಚ್ಚಾಗಿ ಹರಡಿದ್ದು ಪುಕ್ಕಟೆಯಾಗಿ ಇಳಿಸಿಕೊಳ್ಳುವ ಕದ್ದ ತಂತ್ರಾಂಶಗಳ ಮೂಲಕ. ಆ ಹೊತ್ತಿನಲ್ಲಿ ಗಣಕಯಂತ್ರಕ್ಕೆ ಜೋಡಿಸಿರುವ ಬ್ಯಾಕಪ್ ಡಿಸ್ಕಿನ ಕಡತಗಳಿಗೂ ಇವು ಬೀಗ ಜಡಿಯುತ್ತವೆ.

ಈ ಎಲ್ಲವನ್ನೂ ಗಮನದಲ್ಲಿಟ್ಟು ರೂಪುಗೊಂಡದ್ದು 3-2-1 ಎಂಬ ಸೂತ್ರ. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ. ಮಾಹಿತಿಯ ಒಟ್ಟು 3 ಪ್ರತಿಗಳಿರಬೇಕು, ಅವು 2 ಬಗೆಯ ಸಾಧನಗಳಲ್ಲಿರಬೇಕು, ಅವುಗಳಲ್ಲಿ 1 ಬೇರೆ ಸ್ಥಳದಲ್ಲಿರಬೇಕು. ಸುಲಿಗೆಯ ತಂತ್ರಾಂಶಗಳ ಈ ಕಾಲದಲ್ಲಿ ಇದಕ್ಕೆ ಇನ್ನೊಂದು ಮಾತನ್ನು ಸೇರಿಸಿಕೊಳ್ಳುವುದು ಒಳಿತು: ಒಂದು ಪ್ರತಿಯಾದರೂ ಯಾವ ಯಂತ್ರಕ್ಕೂ ಜೋಡಿಸದೆ ಬಿಡಿಯಾಗಿರಬೇಕು.

ಮೊದಲು ಲೆಕ್ಕ, ಆಮೇಲೆ ಖರೀದಿ

ಅಂಗಡಿಗೆ ಹೋಗುವ ಮೊದಲು ಏನನ್ನು ಉಳಿಸಬೇಕು ಎಂಬುದನ್ನು ನಿರ್ಧರಿಸಿ. ಕಡತಗಳನ್ನು ಮತ್ತೆ ಸಿಗುವಂಥವು, ಸಿಗದಿರುವಂಥವು ಎಂದು ಎರಡು ಗುಂಪು ಮಾಡಿ. ವಿಂಡೋಸ್, ಕಚೇರಿ ತಂತ್ರಾಂಶ, ಚಲನಚಿತ್ರಗಳು ಮತ್ತೆ ಸಿಗುತ್ತವೆ. ಪಹಣಿಯನ್ನು ಭೂಮಿ ಜಾಲತಾಣದಿಂದ, ಹಲವು ಪ್ರಮಾಣಪತ್ರಗಳನ್ನು ಡಿಜಿಲಾಕರ್‌ನಿಂದ ಮತ್ತೆ ಪಡೆಯಬಹುದು. ಛಾಯಾಚಿತ್ರ, ಬರಹ, ಲೆಕ್ಕಪತ್ರ, ಸ್ಕ್ಯಾನ್ ಮಾಡಿದ ಹಳೆಯ ಕ್ರಯಪತ್ರ, ಕುಟುಂಬದ ವೀಡಿಯೊ ಸಿಗುವುದಿಲ್ಲ. ಎರಡನೆಯ ಗುಂಪಿಗೆ ಮೊದಲ ಆದ್ಯತೆ.

ಅನಂತರ ಗಾತ್ರ. ಒಂದು ಛಾಯಾಚಿತ್ರಕ್ಕೆ ಸರಾಸರಿ 4 ಮೆಗಾಬೈಟ್ ಎಂದುಕೊಂಡರೆ 10,000 ಚಿತ್ರಗಳಿಗೆ 40 ಗಿಗಾಬೈಟ್ ಬೇಕು. ವೀಡಿಯೊಗಳೇ ಹೆಚ್ಚು ಜಾಗ ಹಿಡಿಯುವುದು. ಒಟ್ಟು ಮೊತ್ತದ ಎರಡರಿಂದ ಮೂರು ಪಟ್ಟು ಸಾಮರ್ಥ್ಯದ ಸಾಧನವನ್ನು ಕೊಳ್ಳಿ. ಕಡತಗಳ ಹಳೆಯ ಆವೃತ್ತಿಗಳಿಗೂ ಮುಂದಿನ ವರ್ಷಗಳ ಬೆಳವಣಿಗೆಗೂ ಜಾಗ ಬೇಕಾಗುತ್ತದೆ. 1 ಟೆರಾಬೈಟ್ ಎಂದು ಬರೆದಿರುವ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 931 ಗಿಗಾಬೈಟ್ ಎಂದು ಕಾಣಿಸಿದರೆ ಗಾಬರಿ ಬೇಡ. ಅದು ಎಣಿಕೆಯ ಪದ್ಧತಿಯ ವ್ಯತ್ಯಾಸ, ಮೋಸವಲ್ಲ.

ಕಡತಗಳು ಎಲ್ಲಿವೆ ಎಂಬುದನ್ನೂ ಹುಡುಕಿಕೊಳ್ಳಿ. ಟ್ಯಾಲಿಯ ಲೆಕ್ಕದ ಕಡತಗಳು ಸಾಮಾನ್ಯವಾಗಿ ‘ಡಾಕ್ಯುಮೆಂಟ್ಸ್’ ಫೋಲ್ಡರಿನ ಹೊರಗೆ ಇರುತ್ತವೆ. ಆದುದರಿಂದ ಸ್ವಯಂಚಾಲಿತ ಬ್ಯಾಕಪ್ ಅವುಗಳನ್ನು ಬಿಟ್ಟುಬಿಡುವ ಸಂಭವವಿದೆ. ಟ್ಯಾಲಿಯಲ್ಲಿಯೇ ಇರುವ ಬ್ಯಾಕಪ್ ಆಯ್ಕೆಯನ್ನು ಬಳಸಿ, ಆ ಪ್ರತಿ ನಿಮ್ಮ ಬ್ಯಾಕಪ್ ಫೋಲ್ಡರಿಗೇ ಬೀಳುವಂತೆ ಮಾಡಿ.

ಸಂಗ್ರಹ ಸಾಧನಗಳು

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್: ಮನೆಬಳಕೆಗೆ ಇಂದಿಗೂ ಇದೇ ಮೊದಲ ಆಯ್ಕೆ. ರೂಪಾಯಿಗೆ ದೊರೆಯುವ ಜಾಗ ಇದರಲ್ಲಿ ಹೆಚ್ಚು. ಸಾಧ್ಯವಾದರೆ ಒಂದು ದೊಡ್ಡ ಡಿಸ್ಕಿನ ಬದಲು ಎರಡು ಚಿಕ್ಕ ಡಿಸ್ಕ್‌ಗಳನ್ನು ಕೊಳ್ಳಿ, ಎರಡನ್ನೂ ಒಂದೇ ದಿನ ಒಂದೇ ಪೆಟ್ಟಿಗೆಯಿಂದ ಕೊಳ್ಳಬೇಡಿ. ಒಂದೇ ತಂಡದಲ್ಲಿ ತಯಾರಾದವು ಒಂದೇ ಬಗೆಯ ದೋಷ ಹೊಂದಿರಬಹುದು. ತೇವದ ಊರುಗಳಲ್ಲಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಎಸ್‌ಎಸ್‌ಡಿ: ತಿರುಗುವ ಭಾಗಗಳಿಲ್ಲದ್ದರಿಂದ ಬಿದ್ದರೂ ತಾಳಿಕೊಳ್ಳುತ್ತದೆ, ವೇಗವೂ ಹೆಚ್ಚು. ಆದರೆ ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಡಲು ಇದು ತಕ್ಕುದಲ್ಲ. ಬರೆಯುವ ಸಾಮರ್ಥ್ಯ ಪೂರ್ತಿ ಸವೆದ ಗೃಹಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ವಿದ್ಯುತ್ತಿಲ್ಲದೆ 1 ವರ್ಷ ಮಾಹಿತಿಯನ್ನು ಹಿಡಿದಿಟ್ಟುಕೊಳ್ಳಬೇಕೆಂಬುದು ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಇದಕ್ಕಿಂತ ಹೆಚ್ಚು ಕಾಲ ಬಾಳುತ್ತದೆಯಾದರೂ ಆಗಾಗ ಜೋಡಿಸಿ ಚಾಲನೆ ಕೊಡುವುದು ಕ್ಷೇಮ.

ಪೆನ್ ಡ್ರೈವ್ ಮತ್ತು ಮೆಮೊರಿ ಕಾರ್ಡ್: ಇವು ಸಾಗಣೆಗೆ ಮಾತ್ರ, ಸಂಗ್ರಹಕ್ಕಲ್ಲ. ಇನ್ನೊಂದು ಎಚ್ಚರಿಕೆ: ಕೆಲವೇ ನೂರು ರೂಪಾಯಿಗಳಿಗೆ 2 ಟೆರಾಬೈಟ್ ಪೆನ್ ಡ್ರೈವ್ ಎಂದು ಮಾರುವುದು ಮೋಸ. ಸಾಮರ್ಥ್ಯವನ್ನು ಸುಳ್ಳಾಗಿ ತೋರಿಸುವಂತೆ ಅವುಗಳನ್ನು ಬದಲಿಸಿರುತ್ತಾರೆ. ಅಸಲಿ ಜಾಗ ತುಂಬಿದ ಮೇಲೆ ಬರೆದ ಕಡತಗಳು ಸದ್ದಿಲ್ಲದೆ ನಾಶವಾಗುತ್ತವೆ. ಹೊಸ ಸಾಧನವನ್ನು ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಬಹುದು.

ಸಿಡಿ ಮತ್ತು ಡಿವಿಡಿ: ಒಮ್ಮೆ ಬರೆದ ಮೇಲೆ ವೈರಸ್ ಮುಟ್ಟಲಾರದು ಎಂಬುದು ಇವುಗಳ ಗುಣ. ಆದರೆ ಮನೆಯಲ್ಲಿ ಬರೆದ ಅಗ್ಗದ ಡಿಸ್ಕ್‌ಗಳ ಬಣ್ಣದ ಪದರ ಬಿಸಿಲು, ತೇವಗಳಿಗೆ ಹಾಳಾಗುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಓದುವ ಸಾಧನವೇ ಇರುವುದಿಲ್ಲ. ಹಳೆಯ ಸಿಡಿಗಳಲ್ಲಿ ಮದುವೆ, ಉಪನಯನಗಳ ಚಿತ್ರಗಳಿದ್ದರೆ ತಡಮಾಡದೆ ಡಿಸ್ಕಿಗೆ ವರ್ಗಾಯಿಸಿ.

ನ್ಯಾಸ್: ಮನೆಯ ಜಾಲಕ್ಕೆ ಜೋಡಿಸಿ, ಎಲ್ಲ ಗಣಕಯಂತ್ರಗಳೂ ಮೊಬೈಲುಗಳೂ ಹಂಚಿಕೊಳ್ಳಬಹುದಾದ ಸಂಗ್ರಹ ಪೆಟ್ಟಿಗೆಯಿದು. ಮೂರು ನಾಲ್ಕು ಯಂತ್ರಗಳಿರುವ ಮನೆಗೆ ಅನುಕೂಲ. ಆದರೆ ಇದನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡಬಾರದು. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ‘ಮೈ ಬುಕ್ ಲೈವ್’ ಎಂಬ ಹಳೆಯ ಸಾಧನಗಳನ್ನು ದಾಳಿಕೋರರು ದೂರದಿಂದಲೇ ಬರಿದು ಮಾಡಿದರು. ಅದರಲ್ಲಿಯೇ ಏಕೈಕ ಪ್ರತಿ ಇಟ್ಟವರ ವರ್ಷಗಳ ಮಾಹಿತಿ ಬೆಳಗಾಗುವುದರೊಳಗೆ ಇಲ್ಲವಾಯಿತು.

ಅಂತರಜಾಲದ ಸಂಗ್ರಹ: ಮನೆಗೆ ಏನಾದರೂ ಉಳಿಯುವ ಪ್ರತಿ ಇದು. ಗೂಗಲ್ ಖಾತೆಯೊಂದಿಗೆ 15 ಗಿಗಾಬೈಟ್ ಉಚಿತ. ಅದನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳಬೇಕು. ಒನ್‌ಡ್ರೈವ್ ಮತ್ತು ಐಕ್ಲೌಡ್‌ಗಳಲ್ಲಿ 5 ಗಿಗಾಬೈಟ್ ಉಚಿತ. ಅದಕ್ಕಿಂತ ಹೆಚ್ಚು ಬೇಕಾದರೆ ಚಂದಾ ಕೊಡಬೇಕು. ಉಚಿತವಾದುದು ಸದಾ ಹಾಗೆಯೇ ಇರುತ್ತದೆ ಎಂದು ಭಾವಿಸಬೇಡಿ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು. 2 ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸತೊಡಗಿದೆ. ವರ್ಷಕ್ಕೊಮ್ಮೆಯೂ ತೆರೆಯದ ಹಳೆಯ ಖಾತೆಯಲ್ಲಿ ಚಿತ್ರಗಳನ್ನು ಇಟ್ಟವರು ಇದನ್ನು ಗಮನಿಸಬೇಕು.

ಸಂಪರ್ಕದ ವೇಗದ ಲೆಕ್ಕವನ್ನೂ ಹಾಕಿ. ಜಾಹೀರಾತಿನಲ್ಲಿರುವುದು ಇಳಿಸಿಕೊಳ್ಳುವ ವೇಗ. ಬ್ಯಾಕಪ್‌ಗೆ ಬೇಕಾದುದು ಏರಿಸುವ ವೇಗ. ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ 200 ಗಿಗಾಬೈಟ್ ಏರಿಸಲು ಎಡೆಬಿಡದೆ ಸುಮಾರು 22 ಗಂಟೆ ಬೇಕು. 2 ಮೆಗಾಬಿಟ್ ಆದರೆ 9 ದಿನಗಳಿಗೂ ಹೆಚ್ಚು. ಅಂತಹ ಊರಿನವರು ಎರಡನೆಯ ಡಿಸ್ಕನ್ನು ಬೇರೆ ಊರಿನಲ್ಲಿರುವ ಅಣ್ಣನ ಮನೆಯಲ್ಲೋ ಮಗಳ ಮನೆಯಲ್ಲೋ ಇಟ್ಟು, ಹಬ್ಬಕ್ಕೆ ಹೋದಾಗ ಅದಲು ಬದಲು ಮಾಡಿಕೊಳ್ಳುವುದೇ ಸುಲಭ.

ಅಂತರಜಾಲದಲ್ಲಿ ಇರುವುದೂ ಕೊನೆಗೆ ಯಾವುದೋ ಕಟ್ಟಡದಲ್ಲಿರುವ ಡಿಸ್ಕೇ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬೆಂಕಿ ಹತ್ತಿಕೊಂಡಿತು. ಸರ್ಕಾರಿ ನೌಕರರು ಬಳಸುತ್ತಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹದ 858 ಟೆರಾಬೈಟ್ ಮಾಹಿತಿಗೆ ಹೊರಗೆ ಪ್ರತಿಯೇ ಇರಲಿಲ್ಲ. ಸರ್ಕಾರಗಳೇ ಎಡವುವ ಜಾಗವಿದು.

ತಂತ್ರಾಂಶದಲ್ಲಿ ಏನನ್ನು ನೋಡಬೇಕು?

ಬ್ಯಾಕಪ್ ತಂತ್ರಾಂಶಗಳು ಎರಡು ಬಗೆಯವು. ಕಡತಗಳನ್ನಷ್ಟೇ ಪ್ರತಿ ಮಾಡುವಂಥವು ಒಂದು ಬಗೆ. ವಿಂಡೋಸ್ ಸಮೇತ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯುವ ಇಮೇಜ್ ತಂತ್ರಾಂಶಗಳು ಇನ್ನೊಂದು ಬಗೆ. ಡಿಸ್ಕ್ ಕೆಟ್ಟಾಗ ಅರ್ಧ ದಿನದಲ್ಲಿ ಯಥಾಸ್ಥಿತಿಗೆ ಮರಳಬೇಕಾದವರಿಗೆ ಎರಡನೆಯದು ಬೇಕು. ಉಳಿದ ಮನೆಗಳಿಗೆ ಕಡತಗಳ ಬ್ಯಾಕಪ್ ಸಾಕು.

ಯಾವ ತಂತ್ರಾಂಶವಾದರೂ ಈ ಕೆಳಗಿನ ಗುಣಗಳಿವೆಯೇ ಎಂದು ನೋಡಿ:

1. ತಾನಾಗಿಯೇ, ನಿಗದಿತ ವೇಳೆಗೆ ನಡೆಯಬೇಕು. ನೆನಪಿಟ್ಟು ಮಾಡುವ ಬ್ಯಾಕಪ್ ಮೂರನೆಯ ತಿಂಗಳಿಗೆ ನಿಲ್ಲುತ್ತದೆ.

2. ಕಡತಗಳ ಹಳೆಯ ಆವೃತ್ತಿಗಳನ್ನು ಉಳಿಸಬೇಕು. ಕೆಟ್ಟ ಕಡತ ಒಳ್ಳೆಯದರ ಮೇಲೆ ಕೂರಬಾರದು.

3. ಮೊದಲ ಬಾರಿ ಪೂರ್ಣ ಪ್ರತಿ ತೆಗೆದು, ಅನಂತರ ಬದಲಾದುದನ್ನು ಮಾತ್ರ ಸೇರಿಸಿಕೊಳ್ಳಬೇಕು.

4. ವಿಫಲವಾದಾಗ ಎದ್ದು ಕಾಣುವಂತೆ ತಿಳಿಸಬೇಕು.

5. ಬರೆದದ್ದು ಸರಿಯಾಗಿದೆಯೇ ಎಂದು ತಾನೇ ತಾಳೆ ನೋಡುವ ಅವಕಾಶವಿರಬೇಕು.

6. ನಾಳೆ ಆ ತಂತ್ರಾಂಶವೇ ನಿಂತುಹೋದರೂ ಕಡತಗಳನ್ನು ತೆರೆಯಲು ದಾರಿಯಿರಬೇಕು.

ಆರನೆಯ ಅಂಶ ಅತಿಯಾದ ಎಚ್ಚರಿಕೆಯಂತೆ ತೋರಬಹುದು. ಒಂದು ಕಾಲಕ್ಕೆ ಮನೆಮಾತಾಗಿದ್ದ ನಾರ್ಟನ್ ಘೋಸ್ಟ್ ಮಾರಾಟ 2013ರಲ್ಲಿ ನಿಂತಿತು. ಮನೆಬಳಕೆಯ ಕ್ರಾಶ್‌ಪ್ಲಾನ್ ಸೇವೆ 2018ರಲ್ಲಿ ಮುಚ್ಚಿತು. ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ ಬೆಂಬಲ 2024ರ ಆರಂಭದಲ್ಲಿ ಕೊನೆಗೊಂಡಿತು. ಆದುದರಿಂದ ಭರಿಸಲಾಗದ ಕಡತಗಳ ಒಂದು ಪ್ರತಿಯಾದರೂ ಸಾಮಾನ್ಯ ಫೋಲ್ಡರುಗಳ ರೂಪದಲ್ಲಿ, ಯಾವ ಗಣಕಯಂತ್ರದಲ್ಲಿಯೂ ತೆರೆಯುವಂತೆ ಇರಲಿ.

ವಿಂಡೋಸ್ ಬಳಸುವವರಿಗೆ 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ‘ಫೈಲ್ ಹಿಸ್ಟರಿ’ ಒಳ್ಳೆಯ ಆರಂಭ. ಇದು ವಿಂಡೋಸ್ 11ರಲ್ಲಿಯೂ ಕಂಟ್ರೋಲ್ ಪ್ಯಾನೆಲ್‌ನಲ್ಲಿದೆ. ಡಿಸ್ಕ್ ಜೋಡಿಸಿದಾಗ ಬದಲಾದ ಕಡತಗಳ ಆವೃತ್ತಿಗಳನ್ನು ಗಂಟೆಗೊಮ್ಮೆ ಉಳಿಸುತ್ತದೆ. ಡೆಸ್ಕ್‌ಟಾಪ್ ಮತ್ತು ಲೈಬ್ರರಿಗೆ ಸೇರಿದ ಫೋಲ್ಡರುಗಳನ್ನು ನೋಡಿಕೊಳ್ಳುತ್ತದೆ. ಬೇರೆಡೆ ಇರುವ ಫೋಲ್ಡರನ್ನು ಲೈಬ್ರರಿಗೆ ಸೇರಿಸಬೇಕಾಗುತ್ತದೆ. ‘ವಿಂಡೋಸ್ ಬ್ಯಾಕಪ್’ ಎಂಬ ಹೊಸ ಅಪ್ಲಿಕೇಶನ್ ಒನ್‌ಡ್ರೈವ್‌ಗೆ ಅಂಟಿಕೊಂಡಿದ್ದು, ಡಿಸ್ಕಿಗೆ ಬ್ಯಾಕಪ್ ಮಾಡುವವರಿಗೆ ಅದು ಬದಲಿಯಲ್ಲ. ಇಡೀ ಡಿಸ್ಕಿನ ಪಡಿಯಚ್ಚು ಬೇಕಾದರೆ ವೀಮ್ ಏಜೆಂಟ್‌ನ ಉಚಿತ ಆವೃತ್ತಿ ಅಥವಾ ಕ್ಲೋನ್‌ಜಿಲ್ಲಾ, ಫೋಲ್ಡರುಗಳನ್ನು ಪ್ರತಿ ಮಾಡಲು ಫ್ರೀಫೈಲ್‌ಸಿಂಕ್, ಗೂಢಲಿಪಿಯೊಂದಿಗೆ ಅಂತರಜಾಲಕ್ಕೆ ಕಳುಹಿಸಲು ಡುಪ್ಲಿಕಾಟಿ ಇವನ್ನು ಪರಿಶೀಲಿಸಬಹುದು. ಫ್ರೀಫೈಲ್‌ಸಿಂಕ್‌ನಲ್ಲಿ ‘ಮಿರರ್’ ವಿಧಾನ ಬಳಸುವವರು ಅದರಲ್ಲಿರುವ ಆವೃತ್ತಿ ಉಳಿಸುವ ಆಯ್ಕೆಯನ್ನು ತಪ್ಪದೆ ಆರಿಸಿಕೊಳ್ಳಬೇಕು. ಇಲ್ಲವಾದರೆ ಮೂಲದಲ್ಲಿ ಅಳಿಸಿದ್ದು ಪ್ರತಿಯಲ್ಲಿಯೂ ಅಳಿಯುತ್ತದೆ.

ಆಪಲ್ ಗಣಕಯಂತ್ರಗಳಲ್ಲಿ 2007ರಿಂದ ‘ಟೈಮ್ ಮಷೀನ್’ ಇದೆ. ಕಳೆದ 24 ಗಂಟೆಗಳಿಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿಯನ್ನು ಜಾಗ ಇರುವಷ್ಟು ಕಾಲ ಇಟ್ಟುಕೊಳ್ಳುತ್ತದೆ. ಹೆಚ್ಚಿನವರಿಗೆ ಬೇರೆ ತಂತ್ರಾಂಶದ ಅಗತ್ಯವಿಲ್ಲ. ಲಿನಕ್ಸ್ ಬಳಕೆದಾರರಿಗೆ ಡೇಜಾ ಡೂಪ್ ಸರಳ. ಆದೇಶಗಳನ್ನು ಬೆರಳಚ್ಚಿಸಲು ಅಂಜದವರಿಗೆ ರೆಸ್ಟಿಕ್, ಬೋರ್ಗ್ ಇವೆ. ಟೈಮ್‌ಶಿಫ್ಟ್ ಕಾಯುವುದು ಕಾರ್ಯಾಚರಣ ವ್ಯವಸ್ಥೆಯನ್ನು ಮಾತ್ರ, ನಿಮ್ಮ ಛಾಯಾಚಿತ್ರಗಳನ್ನಲ್ಲ ಎಂಬುದು ನೆನಪಿರಲಿ.

ಕನ್ನಡ ಕಡತಗಳಿಗೊಂದು ವಿಶೇಷ ಎಚ್ಚರಿಕೆ

ಡಿಸ್ಕ್ ಕ್ಷೇಮವಾಗಿದ್ದು, ಕಡತವೂ ತೆರೆದುಕೊಂಡು, ಅದನ್ನು ಓದಲಾಗದಿದ್ದರೆ? ಕನ್ನಡದಲ್ಲಿ ಗಣಕಯಂತ್ರ ಬಳಸಿದ ಮೊದಲ ತಲೆಮಾರಿನವರಿಗೆ ಇದು ನಿಜವಾದ ಅಪಾಯ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಲಾಗಿತ್ತು. ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿದೆ ಎಂದುಕೊಂಡು ಮಕ್ಕಳು ಅದನ್ನು ಅಳಿಸಿಬಿಡಲೂಬಹುದು.

ಆದುದರಿಂದ ಇಂತಹ ಕಡತಗಳ ಜೊತೆಗೆ ಬಳಸಿದ ಫಾಂಟುಗಳನ್ನೂ, ಸಿಕ್ಕರೆ ಆ ತಂತ್ರಾಂಶವನ್ನೂ ಅದೇ ಫೋಲ್ಡರಿನಲ್ಲಿಡಿ. ನುಡಿ ಮತ್ತು ಬರಹಗಳಲ್ಲಿ ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವಿದೆ. ಪರಿವರ್ತಿಸಿ, ಒತ್ತಕ್ಷರಗಳೂ ಅರ್ಕಾವತ್ತೂ ಸರಿಯಾಗಿ ಬಂದಿವೆಯೇ ಎಂದು ಒಮ್ಮೆ ಓದಿ, ಎರಡೂ ರೂಪಗಳನ್ನು ಉಳಿಸಿಕೊಳ್ಳಿ. ಪೇಜ್‌ಮೇಕರ್‌ನಲ್ಲಿ ವಿನ್ಯಾಸಗೊಂಡ ಪುಸ್ತಕ, ಸ್ಮರಣಸಂಚಿಕೆಗಳಿದ್ದರೆ ಪಿಡಿಎಫ್ ರೂಪವನ್ನೂ ಮಾಡಿಸಿಕೊಳ್ಳಿ. ಆ ತಂತ್ರಾಂಶದ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಅದನ್ನು ಓಡಿಸುವ ಯಂತ್ರಗಳು ದಿನೇ ದಿನೇ ಕಡಿಮೆಯಾಗುತ್ತಿವೆ.

ಬೀಗ ಮತ್ತು ಕೀಲಿ

ಮನೆಯಿಂದ ಹೊರಗಿಡುವ ಪ್ರತಿಗೆ ಗೂಢಲಿಪಿಯ ರಕ್ಷಣೆ ಬೇಕು. ಬ್ಯಾಂಕ್ ಪತ್ರ, ಗುರುತಿನ ಚೀಟಿಗಳಿರುವ ಡಿಸ್ಕ್ ಕಳುವಾದರೆ ನಷ್ಟ ಎರಡು ಪಟ್ಟು. ಡಿಸ್ಕಿಗೆ ವೆರಾಕ್ರಿಪ್ಟ್, ಅಂತರಜಾಲದ ಸಂಗ್ರಹಕ್ಕೆ ಕ್ರಿಪ್ಟೊಮೇಟರ್ ಎಂಬ ಮುಕ್ತ ತಂತ್ರಾಂಶಗಳಿವೆ. ಆದರೆ ಗುಪ್ತಪದ ಮರೆತರೆ ಇವನ್ನು ತೆರೆಯಲು ತಯಾರಕರಿಂದಲೂ ಆಗದು. ಅದನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳೊಂದಿಗೆ ಇಡಿ, ಮನೆಯ ಇನ್ನೊಬ್ಬರಿಗೆ ಜಾಗ ತಿಳಿಸಿ. ಯಜಮಾನರು ತೀರಿಕೊಂಡ ಮೇಲೆ ಕುಟುಂಬಕ್ಕೆ ತೆರೆಯಲಾಗದ ಬ್ಯಾಕಪ್‌ನಿಂದ ಪ್ರಯೋಜನವೇನು?

ಹೊಸ ಗಣಕಯಂತ್ರಗಳ ವಿಷಯದಲ್ಲಿ ಇನ್ನೊಂದು ಬದಲಾವಣೆಯಾಗಿದೆ. ಹಿಂದೆ ಯಂತ್ರ ಕೆಟ್ಟರೆ ರಿಪೇರಿಯವರು ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಜೋಡಿಸಿ ಕಡತಗಳನ್ನು ತೆಗೆದುಕೊಡುತ್ತಿದ್ದರು. ಈಗ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹ ಚಿಪ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಸಜ್ಜುಗೊಳಿಸಿದ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೊಳ್ಳುವುದೂ ಉಂಟು. ಅದರ ಮರುಪ್ರಾಪ್ತಿ ಕೀಲಿಯನ್ನು ನಿಮ್ಮ ಖಾತೆಯಿಂದ ಈಗಲೇ ಬರೆದಿಟ್ಟುಕೊಳ್ಳಿ. ‘ಹೇಗೂ ಅಂಗಡಿಯವರು ತೆಗೆದುಕೊಡುತ್ತಾರೆ’ ಎಂಬ ಕಾಲ ಮುಗಿಯುತ್ತ ಬಂದಿದೆ.

ಮರಳಿ ಪಡೆದು ನೋಡಿ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಉದ್ಯೋಗಿಯೊಬ್ಬರು ಕೈತಪ್ಪಿ ಮುಖ್ಯ ದತ್ತಸಂಚಯವನ್ನು ಅಳಿಸಿದರು. ಐದು ಬಗೆಯ ರಕ್ಷಣಾ ವ್ಯವಸ್ಥೆಗಳಿದ್ದರೂ ಯಾವುದೂ ನಂಬುವಂತೆ ಕೆಲಸ ಮಾಡಿರಲಿಲ್ಲ ಎಂದು ಸಂಸ್ಥೆಯೇ ಬಹಿರಂಗವಾಗಿ ಒಪ್ಪಿಕೊಂಡಿತು. ಸುಮಾರು ಆರು ಗಂಟೆ ಹಿಂದಿನ, ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿಯೇ ಗತಿಯಾಯಿತು. ಪಿಕ್ಸಾರ್‌ನ ಘಟನೆಗೂ ಇದಕ್ಕೂ 19 ವರ್ಷಗಳ ಅಂತರವಿದೆ. ದೋಷ ಒಂದೇ: ಮರಳಿ ತೆಗೆದು ನೋಡಿರಲಿಲ್ಲ.

ಆದುದರಿಂದ ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ಮೀಸಲಿಡಿ. ಬ್ಯಾಕಪ್‌ನಿಂದ ಒಂದು ಹಳೆಯ ಛಾಯಾಚಿತ್ರ, ಒಂದು ದೊಡ್ಡ ವೀಡಿಯೊ, ಒಂದು ಕನ್ನಡ ಬರಹ, ಒಂದು ಲೆಕ್ಕದ ಕಡತ ಮತ್ತು ಕಳೆದ ವಾರ ಬದಲಾದ ಒಂದು ಕಡತವನ್ನು ಬೇರೊಂದು ಫೋಲ್ಡರಿಗೆ ಮರಳಿ ತೆಗೆಯಿರಿ. ಸಾಧ್ಯವಾದರೆ ಬೇರೆ ಗಣಕಯಂತ್ರದಲ್ಲಿ ತೆರೆಯಿರಿ. ವೀಡಿಯೊವನ್ನು ಕೊನೆಯವರೆಗೆ ಓಡಿಸಿ. ಐದೂ ತೆರೆದರೆ ನಿಮ್ಮ ಬ್ಯಾಕಪ್ ಬ್ಯಾಕಪ್ಪೇ ಸರಿ. ಒಂದು ತೆರೆಯದಿದ್ದರೂ ಆ ದಿನವೇ ಕಾರಣ ಹುಡುಕಿ, ಮೂಲ ಇನ್ನೂ ಕೈಯಲ್ಲಿರುವಾಗಲೇ.

ಒಂದು ಸಾಧಾರಣ ಮನೆಗೆ

ಒಂದು ಗಣಕಯಂತ್ರ, 300 ಗಿಗಾಬೈಟ್‌ನಷ್ಟು ಕಡತಗಳಿರುವ ಮನೆಗೆ ಈ ಕ್ರಮ ಸಾಕಾದೀತು. ತಲಾ 1 ಟೆರಾಬೈಟ್‌ನ ಎರಡು ಎಕ್ಸ್‌ಟರ್ನಲ್ ಡಿಸ್ಕ್‌ಗಳು. ಮೊದಲನೆಯದನ್ನು ವಾರಕ್ಕೆ ಎರಡು ಬಾರಿ ಜೋಡಿಸಿ, ಫೈಲ್ ಹಿಸ್ಟರಿ ಅಥವಾ ಟೈಮ್ ಮಷೀನ್ ಮುಗಿದ ಕೂಡಲೇ ಸುರಕ್ಷಿತವಾಗಿ ಬೇರ್ಪಡಿಸಿ ಕಪಾಟಿನಲ್ಲಿಡುವುದು. ಎರಡನೆಯದರಲ್ಲಿ ಮುಖ್ಯ ಫೋಲ್ಡರುಗಳ ಸಾಮಾನ್ಯ ಪ್ರತಿ ಮಾಡಿ, ಗುಪ್ತಪದ ಹಾಕಿ, ಬಂಧುಗಳ ಮನೆಯಲ್ಲಿಟ್ಟು ಎರಡು ಮೂರು ತಿಂಗಳಿಗೊಮ್ಮೆ ನವೀಕರಿಸುವುದು. ಅತಿ ಮುಖ್ಯವಾದ ಕೆಲವೇ ಗಿಗಾಬೈಟ್ ಬರಹ, ಪತ್ರ, ಲೆಕ್ಕಗಳನ್ನು ಅಂತರಜಾಲದ ಸಂಗ್ರಹಕ್ಕೂ ಏರಿಸುವುದು. ಐದು ವರ್ಷ ತುಂಬಿದ ಡಿಸ್ಕನ್ನು ಕೆಡುವ ಮೊದಲೇ ಬದಲಿಸುವುದು.

ಹಣದ ಅಡಚಣೆಯಿದ್ದರೆ ಒಂದೇ ಡಿಸ್ಕಿನಿಂದ ಆರಂಭಿಸಿ, ಆದರೆ ಈ ವಾರವೇ ಆರಂಭಿಸಿ. 2011ರಿಂದ ಮಾರ್ಚ್ 31ನ್ನು ವಿಶ್ವ ಬ್ಯಾಕಪ್ ದಿನವೆಂದು ಆಚರಿಸಲಾಗುತ್ತಿದೆ. ಹಾರ್ಡ್ ಡಿಸ್ಕ್‌ಗಳು ಆ ದಿನಕ್ಕಾಗಿ ಕಾಯುವುದಿಲ್ಲ. ಇಂದು ಸಂಜೆ ಬಿಡುವಾದಾಗ ನಿಮ್ಮ ಗಣಕಯಂತ್ರದಲ್ಲಿ ಮತ್ತೆ ಸಿಗದಿರುವ ಹತ್ತು ಕಡತಗಳು ಯಾವುವು ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಅವುಗಳ ಎರಡನೆಯ ಪ್ರತಿ ಎಲ್ಲಿದೆ ಎಂದು ಪಕ್ಕದಲ್ಲಿ ನಮೂದಿಸಿ. ಖಾಲಿ ಉಳಿದ ಜಾಗಗಳೇ ನಿಮ್ಮ ಮೊದಲ ಕೆಲಸ.